ಏಂಜೆಲ್ ಮೀನಿನ ಜೋಡಿ: ಮೂರು ಸಲ ಮೊಟ್ಟೆ, ಮೂರೂ ಸಲ ಬಿಳಿ. ಇದರಲ್ಲಿ ಗಂಡು ಯಾವುದು?

ಪ್ರಶ್ನೆ:
ನಮಸ್ಕಾರ. 150 ಲೀಟರ್ ಟ್ಯಾಂಕಲ್ಲಿ ಎರಡು ಏಂಜೆಲ್ ಇವೆ. ನಾಣ್ಯದಷ್ಟಿದ್ದಾಗ ತಂದವು, ಈಗ ವರ್ಷ ದಾಟಿದೆ. ದೊಡ್ಡದಕ್ಕೆ ಹಣೆ ಉಬ್ಬಿದೆ. ತಿನ್ನೋಕೂ ಮುಂದೆ, ಜಗಳಕ್ಕೂ ಮುಂದೆ. ಮಗಳು ಭೀಮ ಅಂತ ಹೆಸರಿಟ್ಟಿದ್ದಾಳೆ. ಇನ್ನೊಂದು ಸಾಧು. ಎರಡೂ ಸೇರಿ ಫಿಲ್ಟರ್ ಪೈಪನ್ನು ಬಾಯಲ್ಲಿ ಉಜ್ಜಿ ಉಜ್ಜಿ ಪಾಚಿ ತೆಗೆದು, ಸಾಲಾಗಿ ಮೊಟ್ಟೆ ಅಂಟಿಸಿ, ರೆಕ್ಕೆಯಿಂದ ನೀರು ಬೀಸುತ್ತಾ ಕಾವಲಿರುತ್ತವೆ. ಮಾರನೇ ದಿನ ಸಂಜೆಗೆ ಎಲ್ಲವೂ ಸುಣ್ಣದ ಚುಕ್ಕೆಯಂತೆ ಬಿಳಿ. ಆಮೇಲೆ ಹತ್ತಿಯಂಥ ಬೂಷ್ಟು. ನೀರು 27 ಡಿಗ್ರಿ ಇದೆ. ಎರಡನೇ ಸಲ ಬೂಷ್ಟು ತಡೆಯೋ ಮೀಥಿಲೀನ್ ಬ್ಲೂ ಔಷಧಿ ಹಾಕಿ ನೋಡಿದೆ, ಮೊಟ್ಟೆ ನೀಲಿಯಾಯಿತೇ ಹೊರತು ಮರಿಯಾಗಲಿಲ್ಲ. ಭೀಮ ಗಂಡೇ ತಾನೆ?

ಉತ್ತರ 1:
ಹಣೆ ನಂಬಬೇಡಿ ಸರ್. ಏಂಜೆಲಲ್ಲಿ ಚೆನ್ನಾಗಿ ತಿಂದು ಬೆಳೆದ ಹೆಣ್ಣಿಗೂ ಹಣೆ ಉಬ್ಬುತ್ತೆ, ಯಜಮಾನಿಕೆ ಅಂತೂ ಯಾವುದು ಬೇಕಾದ್ರೂ ಮಾಡುತ್ತೆ. ಗಂಡಿಲ್ಲದ ಟ್ಯಾಂಕಲ್ಲಿ ಎರಡು ಹೆಣ್ಣು ಜೋಡಿಯಾಗಿ, ಪೈಪ್ ಉಜ್ಜಿ, ಮೊಟ್ಟೆಯಿಟ್ಟು ಕಾಯೋದು ಹೊಸದೇನಲ್ಲ. ನೋಡಬೇಕಾದ್ದು ಹೊಟ್ಟೆಯ ಕೆಳಗೆ. ಮೊಟ್ಟೆಯಿಡೋಕೆ ಒಂದೆರಡು ದಿನ ಮೊದಲು, ಗುದದ ಹಿಂದೆ ಸಣ್ಣ ನಳಿಕೆ ಹೊರಗೆ ಬರುತ್ತೆ. ಗಂಡಿನದು ಸಣ್ಣ, ಚೂಪು, ಪೆನ್ಸಿಲ್ ಮೊನೆ ಇದ್ದಂಗೆ. ಹೆಣ್ಣಿನದು ದಪ್ಪ, ತುದಿ ಮೊಂಡು, ಯಾಕಂದ್ರೆ ಮೊಟ್ಟೆ ಹೊರಗೆ ಬರಬೇಕಲ್ಲ. ಬೇರೆ ದಿನ ಎಷ್ಟು ಬಗ್ಗಿ ನೋಡಿದ್ರೂ ಗೊತ್ತಾಗಲ್ಲ. ಪೈಪ್ ಉಜ್ಜೋಕೆ ಶುರು ಮಾಡಿದ ದಿನ ಮೊಬೈಲಲ್ಲಿ ವಿಡಿಯೋ ತೆಗೀರಿ. ಫ್ಲ್ಯಾಶ್ ಬೇಡ, ಹೆದರುತ್ತವೆ.

ಉತ್ತರ 2:
ಇಷ್ಟೆಲ್ಲಾ ಯಾಕೆ, ಗುದದ ರೆಕ್ಕೆ ಮೇಲೆ ಹಳದಿ ಮೊಟ್ಟೆಚುಕ್ಕೆ ಇದ್ರೆ ಗಂಡು. ನನ್ನ ಆಫ್ರಿಕನ್ ಟ್ಯಾಂಕಲ್ಲಿ ಹಂಗೇ ಗುರುತಿಸೋದು.

ಉತ್ತರ 1:
ಅದು ಆಫ್ರಿಕಾದ ಮಲಾವಿ ಕೆರೆಯ ಬಾಯಲ್ಲಿ ಮೊಟ್ಟೆ ಸಾಕೋ ಮೀನುಗಳ ಮಾತು. ಹೆಣ್ಣು ಮೊಟ್ಟೆಗಳನ್ನ ಬಾಯಿಗೆ ತಗೊಂಡು, ಗಂಡಿನ ಆ ಚುಕ್ಕೆಗಳನ್ನ ಕಚ್ಚೋಕೆ ಹೋದಾಗ ವೀರ್ಯ ಬಾಯೊಳಗೆ ಹೋಗುತ್ತೆ. ಏಂಜೆಲಿಗೆ ಆ ಚುಕ್ಕೆಯೇ ಇಲ್ಲ. ಮಲಾವಿಯಲ್ಲೂ ಎಷ್ಟೋ ಹೆಣ್ಣಿಗೆ ಒಂದೆರಡು ಮಸುಕಾಗಿ ಇರುತ್ತೆ, ಚುಕ್ಕೆ ನಂಬಿ ನಾನು ಒಂದು ಸಲ ಹೆಣ್ಣೂ ಇದೆ ಅಂದ್ಕೊಂಡು ನಾಲ್ಕು ಗಂಡು ಒಟ್ಟಿಗೆ ಹಾಕಿದ್ದೆ ಬಿಡಿ. ಬಣ್ಣವೂ ಹಂಗೇ ಕೈಕೊಡುತ್ತೆ. ಕೆನ್ಯಿ ಅನ್ನೋ ಮಲಾವಿ ಮೀನಲ್ಲಿ ಹೆಣ್ಣು ನೀಲಿ, ದೊಡ್ಡ ಗಂಡು ಹಳದಿ. ಏಟು ತಿಂದು ಮೂಲೆ ಸೇರಿದ ಗಂಡು ಮಾತ್ರ ಹೆಣ್ಣಿನ ಬಣ್ಣದಲ್ಲೇ ಉಳಿದುಬಿಡುತ್ತೆ. ಕಾನ್ವಿಕ್ಟ್ ಅನ್ನೋ ಮೀನಲ್ಲಿ ಹೊಟ್ಟೆಯ ಕಿತ್ತಳೆ ಬಣ್ಣ ಇರೋದು ಹೆಣ್ಣಿಗೆ.

ಉತ್ತರ 3:
ಬಿಳಿಯಾಯಿತು ಅಂದ ಮಾತ್ರಕ್ಕೆ ಗಂಡಿಲ್ಲ ಅಂತಲೂ ಅಲ್ಲ. ಎಳೆ ಜೋಡಿಯ ಮೊದಲ ಕೆಲವು ಸಲ ಹಾಳಾಗೋದು ಮಾಮೂಲಿ. ನೀರು ತುಂಬಾ ಗಡಸಿದ್ರೂ ಮೊಟ್ಟೆ ಫಲವಾಗೋದು ಕಮ್ಮಿ. ಒಂದೇ ಮೀನು ಮೊಟ್ಟೆ ಇಡ್ತಿದ್ಯಾ, ಎರಡೂ ಇಡ್ತಿವೆಯಾ ನೋಡಿ.

ಪ್ರಶ್ನೆ ಕೇಳಿದವರು:
ಹನ್ನೊಂದು ದಿನ ಬಿಟ್ಟು ಬರೀತಿದ್ದೀನಿ. ನಿನ್ನೆ ಮಧ್ಯಾಹ್ನ ಮತ್ತೆ ಶುರುವಾಯ್ತು. ಎರಡರದ್ದೂ ನಳಿಕೆ ಮೊಂಡು, ಅಕ್ಕಿ ಕಾಳಿನಷ್ಟು. ಮೊದಲು ಸಾಧು ಹೊಟ್ಟೆ ಒತ್ತಿಕೊಂಡು ಪೈಪ್ ಉದ್ದಕ್ಕೂ ಮೇಲೆ ಹೋಯ್ತು, ಹಿಂದೆ ಸಾಲು ಬಿತ್ತು. ಭೀಮ ಅದೇ ಜಾಡಲ್ಲಿ ಹೋಯ್ತು. ಗಂಡು ಹಾಗೇ ಹಿಂಬಾಲಿಸುತ್ತೆ ಅಂದುಕೊಂಡು ಖುಷಿಯಾದೆ. ವಿಡಿಯೋ ನಿಧಾನ ಮಾಡಿ ನೋಡಿದ್ರೆ ಭೀಮನ ಹಿಂದೆಯೂ ಮೊಟ್ಟೆ ಅಂಟುತ್ತಾ ಬರ್ತಿದೆ!

ಇನ್ನು ಆರು ಮರಿ ತಂದು ಬೆಳೆಸಿ, ಅವೇ ಜೋಡಿ ಆರಿಸಿಕೊಳ್ಳಲಿ ಅಂತಿದ್ದೀನಿ. ಹೆಸರು ಬದಲಿಸೋಣ ಅಂದ್ರೆ ಮಗಳು ಒಪ್ಪುತ್ತಿಲ್ಲ. ಭೀಮ ಮೊಟ್ಟೆ ಇಡಬಾರದು ಅಂತ ಎಲ್ಲಿದೆ ಅಂತಾಳೆ.