ಏರಿನಲ್ಲಿ ನಿಲ್ಲುವ ಬಗ್ಗಿ: ಕಂಟ್ರೋಲರ್ ಬದಲಿಸುವ ಮೊದಲು ಏನೇನು ನೋಡಬೇಕು?

ಕೇಳಿದವರು, ಹೊಸನಗರ ಕಡೆಯ ಹೋಂಸ್ಟೇ:
ಎಲ್ಲರಿಗೂ ನಮಸ್ಕಾರ. ಗೇಟಿನಿಂದ ಮನೆವರೆಗೆ ವಯಸ್ಸಾದ ಅತಿಥಿಗಳನ್ನು ಕರ್ಕೊಂಡು ಬರೋಕೆ ಸೆಕೆಂಡ್ ಹ್ಯಾಂಡ್ ಗಾಲ್ಫ್ ಕಾರ್ಟ್ (ಬ್ಯಾಟರಿ ಬಗ್ಗಿ) ಒಂದನ್ನು ಇಟ್ಟುಕೊಂಡಿದ್ದೇವೆ. 48 ವೋಲ್ಟಿನ ಗಾಡಿ, 8 ವೋಲ್ಟಿನ ಆರು ಲೆಡ್ ಆಸಿಡ್ ಬ್ಯಾಟರಿ. ಬೇಸಿಗೆಯಲ್ಲಿ ಚೆನ್ನಾಗೇ ಓಡಿತ್ತು. ಆರಿದ್ರಾ ಮಳೆ ಹಿಡಿದ ಮೇಲೆ ಕೆಲವು ಬೆಳಿಗ್ಗೆ ಪೆಡಲ್ ಒತ್ತಿದರೂ ಸದ್ದೇ ಇಲ್ಲ. ಹೊರಟ ದಿನ ತೋಟದ ಏರಿನಲ್ಲಿ ಅರ್ಧಕ್ಕೆ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೋಗುತ್ತದೆ. ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ ಕೇಳಿ ಕಂಟ್ರೋಲರ್ (ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಡಬ್ಬಿ) ಹೋಗಿದೆ ಅಂದರು. ಅಷ್ಟು ದುಡ್ಡು ಹಾಕುವ ಮೊದಲು ನಿಮ್ಮ ಅನುಭವ ತಿಳಿಸಿ.

ತೀರ್ಥಹಳ್ಳಿಯಿಂದ, ರೆಸಾರ್ಟ್ ಗಾಡಿಗಳನ್ನು ನೋಡಿಕೊಳ್ಳುವವರು:
ಕಂಟ್ರೋಲರ್ ಮುಟ್ಟಲೇಬೇಡಿ ಮಾರಾಯ್ರೆ, ಅದು ಕೊನೆಗೆ. ನಿಂತ ಗಾಡಿ ತಾನಾಗೇ ಚೇತರಿಸಿಕೊಂಡು ಮತ್ತೆ ಹೋಗುತ್ತದೆ ಅಂದರೆ ಮೊದಲ ಅನುಮಾನ ಬ್ಯಾಟರಿ ಮೇಲೆ. ಏರಿನಲ್ಲಿ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. ಆರರಲ್ಲಿ ಒಂದು ಸೋತಿದ್ದರೂ ಒಟ್ಟು ವೋಲ್ಟೇಜ್ ಕುಸಿದು ಕಂಟ್ರೋಲರ್ ತನ್ನ ರಕ್ಷಣೆಗೆ ತಾನೇ ಕಟ್ ಮಾಡುತ್ತದೆ. ಅದನ್ನು ನೋಡಿ ಕಂಟ್ರೋಲರನ್ನೇ ಬಯ್ಯುವುದು ತಪ್ಪು.

ಒಂದು ಮಲ್ಟಿಮೀಟರ್ ಸಾಕು. ಚಾರ್ಜ್ ಮುಗಿದು ಕೆಲವು ಗಂಟೆ ಸುಮ್ಮನಿದ್ದ ಮೇಲೆ ಡಿಸಿ ವೋಲ್ಟಿಗಿಟ್ಟು ಅಳೆಯಿರಿ. ಆರೂ ಸೇರಿ ಸುಮಾರು 50.9 ಇದ್ದರೆ ಪೂರ್ತಿ ಚಾರ್ಜ್, 48.4ರ ಹತ್ತಿರ ಇದ್ದರೆ ಅರ್ಧ. ಬಿಡಿಯಾಗಿ ಒಂದೊಂದೂ 8.5ರ ಆಸುಪಾಸು ಬರಬೇಕು. ಇಷ್ಟಕ್ಕೇ ಸಮಾಧಾನ ಪಡಬೇಡಿ, ಸುಮ್ಮನೆ ಕೂತಾಗ ಸತ್ತ ಬ್ಯಾಟರಿಯೂ ಒಳ್ಳೆ ವೋಲ್ಟೇಜ್ ತೋರಿಸುತ್ತದೆ. ನಿಜ ಗೊತ್ತಾಗುವುದು ಲೋಡಿನಲ್ಲಿ. ಒಂದು ಬ್ಯಾಟರಿಗೆ ಕ್ಲಿಪ್ ಹಾಕಿ, ಮೀಟರಿನ ವೈರನ್ನು ಸೀಟಿನಡಿಯಿಂದ ಹೊರಗೆ ತಂದು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಅದೇ ಏರು ಹತ್ತಿ. ಓಡಿಸುವವರು ದಾರಿ ನೋಡಲಿ, ಕೂತವರು ಮೀಟರ್ ನೋಡಲಿ. ಆಮೇಲೆ ಮುಂದಿನ ಬ್ಯಾಟರಿ, ಮತ್ತೆ ಅದೇ ಏರು. ಉಳಿದವಕ್ಕಿಂತ ಒಂದು ವೋಲ್ಟೋ ಅದಕ್ಕೂ ಹೆಚ್ಚೋ ಕೆಳಗೆ ಬೀಳುವುದು ಯಾವುದೋ ಅದೇ ಕಳ್ಳ.

ಸದ್ದೇ ಇಲ್ಲದ ಬೆಳಿಗ್ಗೆಯ ವಿಚಾರ ಬೇರೆ. ಪೆಡಲ್ ಒತ್ತಿದಾಗ (ಕೆಲವು ಮಾದರಿಗಳಲ್ಲಿ ಕೀ ತಿರುಗಿಸಿದಾಗಲೇ) ಸೊಲೆನಾಯ್ಡ್ (ಬ್ಯಾಟರಿಯ ಕರೆಂಟನ್ನು ಕಂಟ್ರೋಲರಿಗೆ ಬಿಡುವ ದೊಡ್ಡ ಸ್ವಿಚ್) 'ಟಕ್' ಅನ್ನಬೇಕು. ಹಿಂದಿನ ಚಕ್ರಗಳನ್ನು ಜಾಕ್ ಕೊಟ್ಟು ಎತ್ತಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಪರೀಕ್ಷೆ ಮಾಡಿ. ಟಕ್ ಅಂದರೂ ಚಕ್ರ ತಿರುಗದಿದ್ದರೆ, ಪೆಡಲ್ ಒತ್ತಿಯೇ ಇಟ್ಟು ಸೊಲೆನಾಯ್ಡಿನ ಎರಡು ದೊಡ್ಡ ಟರ್ಮಿನಲ್ ನಡುವೆ ಅಳೆಯಿರಿ. ಸೊನ್ನೆಯ ಹತ್ತಿರ ಇದ್ದರೆ ಸೊಲೆನಾಯ್ಡ್ ಸರಿ ಇದೆ. 48 ಪೂರ್ತಿ ತೋರಿಸಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಟಕ್ ಅನ್ನದಿದ್ದರೆ ಅದರ ಸಣ್ಣ ಟರ್ಮಿನಲ್ ನೋಡಿ. ಅಲ್ಲಿಗೆ ವೋಲ್ಟೇಜ್ ಬಂದೂ ಸುಮ್ಮನಿದ್ದರೆ ಸೊಲೆನಾಯ್ಡಿನ ಒಳಗಿನ ಕಾಯಿಲ್ (ತಂತಿ ಸುರುಳಿ) ಹೋಗಿದೆ. ವೋಲ್ಟೇಜೇ ಬರದಿದ್ದರೆ ಕೀ ಸ್ವಿಚ್, ಮುಂದೆ-ಹಿಂದೆ ಸ್ವಿಚ್, ಪೆಡಲ್ ಡಬ್ಬಿಯ ಮೈಕ್ರೋ ಸ್ವಿಚ್ (ಪೆಡಲ್ ಒತ್ತಿದಾಗ ಆನ್ ಆಗುವ ಸಣ್ಣ ಸ್ವಿಚ್), ಈ ಮೂರರಲ್ಲಿ ಹುಡುಕಿ. ಸೀಟಿನಡಿ ರನ್-ಟೋ ಸ್ವಿಚ್ (ರನ್ ಅಂದರೆ ಓಡಿಸಲು, ಟೋ ಅಂದರೆ ಗಾಡಿ ಎಳೆದೊಯ್ಯಲು) ಇದ್ದರೆ ಅದು ರನ್‌ನಲ್ಲೇ ಇದೆಯಾ ಅಂತಲೂ ನೋಡಿ, ಗಾಡಿ ತೊಳೆಯುವಾಗ ಯಾರೋ ತಿರುಗಿಸಿರುತ್ತಾರೆ.

ಜಾಗ್ರತೆ. 48 ವೋಲ್ಟೇ ತಾನೇ ಅಂತ ಸಸಾರ ಬೇಡ. ಟರ್ಮಿನಲ್ ಮೇಲೆ ಸ್ಪ್ಯಾನರ್ ಅಡ್ಡ ಬಿದ್ದರೆ ಕಬ್ಬಿಣ ಕೆಂಪಗಾಗುವಷ್ಟು ಕರೆಂಟು ಅದರಲ್ಲಿದೆ. ಉಂಗುರ, ವಾಚು ತೆಗೆದಿಡಿ, ಸ್ಪ್ಯಾನರಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ ಬೆಂಕಿ ಬೇಡವೇ ಬೇಡ. ಬ್ಯಾಟರಿ ಕಳಚುವ ಮೊದಲು ರನ್-ಟೋ ಸ್ವಿಚ್ಚನ್ನು ಟೋಗೆ ಇಡಿ.

ಆಗುಂಬೆ ಹತ್ತಿರದಿಂದ:
ನಮ್ಮಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ. ಗಾಡಿಯ ಮುಕ್ಕಾಲು ಕಾಯಿಲೆ ತೇವದಿಂದಲೇ. ಒಣಗಿದಾಗ ಓಡಿ, ಥಂಡಿ ಬೆಳಿಗ್ಗೆ ಮುಷ್ಕರ ಹೂಡುತ್ತದೆ ಅಂದರೆ ಮೊದಲು ಲಗ್ಗುಗಳನ್ನು (ಕೇಬಲ್ ತುದಿಯ ಲೋಹದ ಬಳೆಗಳನ್ನು) ಬಿಚ್ಚಿ ನೋಡಿ. ಮೇಲೆ ಹೊಳೆಯುತ್ತಿದ್ದರೂ ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ, ವೈರಿನ ರಬ್ಬರಿನೊಳಕ್ಕೂ ಏರಿರುತ್ತದೆ. ಓಡಿಸಿ ನಿಲ್ಲಿಸಿದ ಕೂಡಲೇ ಕೇಬಲ್ ತುದಿಗಳನ್ನು ಕೈಯಿಂದ ಮುಟ್ಟಿ, ಯಾವುದು ಬಿಸಿಯೋ ಅಲ್ಲೇ ಸಂಪರ್ಕ ಸಡಿಲ. ಅಡುಗೆ ಸೋಡಾ ನೀರಿನಲ್ಲಿ ಉಜ್ಜಿ (ಸೆಲ್ಲಿನೊಳಗೆ ಒಂದು ಹನಿಯೂ ಬೀಳಬಾರದು, ಮುಚ್ಚಳ ಬಿಗಿಯಾಗಿರಲಿ), ಒಣಗಿಸಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ಬ್ಯಾಟರಿ ತಲೆ ಮೇಲೆ ಆಸಿಡ್ ಮಿಶ್ರಿತ ಕೊಳೆ ಒದ್ದೆಯಾಗಿ ಕೂತರೆ ಅದರಲ್ಲೂ ಕರೆಂಟು ಸೋರುತ್ತಲೇ ಇರುತ್ತದೆ.

ಪೆಡಲ್ ಡಬ್ಬಿ ತೆರೆದು ಇರುವೆ ಗೂಡು ಇದೆಯಾ ನೋಡಿ, ನಮ್ಮದರಲ್ಲಿ ಮೈಕ್ರೋ ಸ್ವಿಚ್ ಕೂರದಂತೆ ಮೊಟ್ಟೆ ಇಟ್ಟಿದ್ದವು. ಅಡಿಕೆ ಅಟ್ಟದ ಪಕ್ಕ ನಿಲ್ಲಿಸಿದರೆ ಇಲಿ ಕಾಟ ಬೇರೆ.

ಸಾಗರದಿಂದ:
ಚಾರ್ಜಿಂಗ್ ಕಡೆಗೂ ಗಮನ ಇರಲಿ ಸರ್. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಚಾರ್ಜ್ ಅರ್ಧಂಬರ್ಧ ಆಗುತ್ತದೆ. ದಿನಾ ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಪೂರ್ತಿ ಖಾಲಿ ಮಾಡಿದರೆ ಕೆಲವು ಚಾರ್ಜರ್‌ಗಳು ಆನ್ ಆಗುವುದೇ ಇಲ್ಲ, ಬ್ಯಾಟರಿ ಇದೆ ಅಂತಲೇ ಅವಕ್ಕೆ ಗೊತ್ತಾಗುವುದಿಲ್ಲ. ಚಾರ್ಜರ್ ಕೆಟ್ಟಿತು ಅಂತ ಎಸೆಯಬೇಡಿ. ಡಿಸ್ಟಿಲ್ಡ್ ವಾಟರ್ ಚಾರ್ಜ್ ಆದ ಮೇಲೆ ಹಾಕಿ; ಪ್ಲೇಟ್ ಬರಿದಾಗಿ ಕಂಡರೆ ಮಾತ್ರ ಅದು ಮುಳುಗುವಷ್ಟು ಮೊದಲೇ. ಬಾವಿ ನೀರು ಎಷ್ಟು ತಿಳಿಯಾಗಿದ್ದರೂ ಬೇಡ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಳೆದೆವು. ನಿಂತಾಗ ಆರೂ 8.3ರ ಮೇಲೆ. ಏರಿನಲ್ಲಿ ಐದು 7.6ರ ಹತ್ತಿರ, ಎರಡನೆಯದು 5.9! ಮೈಕ್ರೋ ಸ್ವಿಚ್ಚಿನ ವೈರಿನಲ್ಲಿ ಕಿಲುಬು ಇತ್ತು, ಕತ್ತರಿಸಿ ಹೊಸ ಲಗ್ ಹಾಕಿದ ಮೇಲೆ ಬೆಳಿಗ್ಗೆ ಟಕ್ ಅನ್ನುತ್ತಿದೆ. ಈಗ ಎರಡನೇ ಬ್ಯಾಟರಿ ಒಂದನ್ನೇ ಬದಲಿಸಿದರೆ ಸಾಕಾ? ಲೈಟು, ಹಾರ್ನಿನ ವೈರು ಮೊದಲ ಎರಡು ಬ್ಯಾಟರಿಯಿಂದ ಬಂದಿದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ತೀರ್ಥಹಳ್ಳಿಯಿಂದ:
ಸಂಬಂಧ ಖಂಡಿತ ಇದೆ. ಗಾಡಿ ಓಡಿಸುವುದು ಆರೂ ಸೇರಿ, ಲೈಟಿನ ಭಾರ ಹೊರುವುದು ಎರಡೇ. ಚಾರ್ಜರ್ ಮಾತ್ರ ಆರಕ್ಕೂ ಒಂದೇ ಸಮ ಕೊಡುತ್ತದೆ. ಹಾಗಾಗಿ ಆ ಎರಡು ಯಾವತ್ತೂ ಹಿಂದೆ ಬೀಳುತ್ತವೆ. 48ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಹಾಕಿಸಿ, ಪೂರ್ತಿ ಪ್ಯಾಕಿನಿಂದ ತೆಗೆಯಿರಿ. ಹೊಸ ಬ್ಯಾಟರಿ ಹಾಕಿ ಈ ವೈರು ಹಾಗೇ ಬಿಟ್ಟರೆ ಅದೂ ಬೇಗ ಸಾಯುತ್ತದೆ.

ಬದಲಿಸುವ ಮೊದಲು ಹೈಡ್ರೋಮೀಟರ್ (ಆಸಿಡ್ ಎಷ್ಟು ಸಾಂದ್ರ ಅಂತ ಅಳೆಯುವ ಸಾಧನ) ಹಾಕಿ ಒಂದೊಂದು ಸೆಲ್ಲೂ ನೋಡಿ. ಪೂರ್ತಿ ಚಾರ್ಜಿನಲ್ಲಿ 1.265ರಿಂದ 1.280 ಬರಬೇಕು. ಒಂದೇ ಸೆಲ್ ತುಂಬಾ ಕೆಳಗಿದ್ದರೆ ಆ ಬ್ಯಾಟರಿ ಮುಗಿಯಿತು. ಉಳಿದ ಐದು ಇನ್ನೂ ಹೊಸವೇ ಆಗಿದ್ದರೆ ಅದೇ ಕಂಪನಿಯ, ಅಷ್ಟೇ ಆಂಪಿಯರ್-ಅವರಿನ ಒಂದನ್ನು ಹಾಕಬಹುದು. ಐದೂ ಹಳೆಯವಾದರೆ ಅವುಗಳ ಜೊತೆ ಹೊಸದನ್ನು ಸೇರಿಸುವುದು ದಂಡ, ಈ ಮಳೆಗಾಲ ಏರಿಗೆ ಒಬ್ಬರನ್ನೇ ಕೂರಿಸಿಕೊಂಡು ನಿಧಾನ ಓಡಿಸಿ, ದೀಪಾವಳಿ ಹೊತ್ತಿಗೆ ಆರನ್ನೂ ಒಟ್ಟಿಗೆ ತನ್ನಿ.