ಅಪ್‌ಡೇಟ್: ಮಜ್ಜಿಗೆ ಬರುವವರೆಗೂ ಪಂಕ್ತಿಯಲ್ಲಿ ಕೂತಿದ್ದೆ

ನಾಲ್ಕು ಜನರ ಎದುರು ತಿನ್ನಲು, ಮಾತಾಡಲು ಹೋದರೆ ಕೈ ನಡುಗುತ್ತೆ, ಇದು ಬರೀ ನಾಚಿಕೆನಾ ಅಂತ ಮೂರು ತಿಂಗಳ ಹಿಂದೆ ಕೇಳಿದ್ದೆ.

ನೀವೆಲ್ಲ ಹೇಳಿದ ಹಾಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ ಫೋನ್ ಮಾಡಿದೆ. (ಎರಡು ಸಲ ರಿಂಗ್ ಆಗುವಾಗಲೇ ಕಟ್ ಮಾಡಿದ್ದೆ. ಫೋನಲ್ಲಿ ಮಾತಾಡೋದೂ ಭಯವೇ ಅಲ್ವಾ!) ಕನ್ನಡದಲ್ಲೇ ಮಾತಾಡಿದರು, ದುಡ್ಡೂ ಇಲ್ಲ. ಆಮೇಲೆ ಮನೋವೈದ್ಯರನ್ನು ಕಂಡೆ. ಸೋಷಿಯಲ್ ಆಂಗ್ಸೈಟಿ ಡಿಸಾರ್ಡರ್, ಅಂದರೆ ಜನರ ಎದುರು ಅತಿಯಾಗಿ ಭಯ ಆಗುವ ಸಮಸ್ಯೆ ಅಂದರು. ಮಾತ್ರೆಯೂ ಇದೆ, ಕೆಲಸ ಮಾಡಲು ಕೆಲವು ವಾರ ಬೇಕು ಅಂದರು. ನಾನು ಸದ್ಯಕ್ಕೆ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಸಾಕು ಅಂದೆ.

ನಡುಕ ಕಾಣಬಾರದು ಅಂತ ನಾನು ಲೋಟವನ್ನು ಎರಡೂ ಕೈಲಿ ಬಿಗಿಯಾಗಿ ಹಿಡಿಯುತ್ತಿದ್ದೆ. ಆ ಬಿಗಿಯಿಂದಲೇ ನಡುಕ ಜಾಸ್ತಿ ಆಗ್ತಿತ್ತು ಅಂತ ಥೆರಪಿಸ್ಟ್ ಹೇಳಿದರು! ಅವರು ಕೊಟ್ಟ ಮೊದಲ ಹೋಂವರ್ಕ್, ದರ್ಶಿನಿಯಲ್ಲಿ ನಿಂತು ಒಂದೇ ಕೈಲಿ ಕಾಫಿ ಕುಡಿಯೋದು. ಚೆಲ್ಲಿತು. ಪಕ್ಕದವರು ತಿರುಗಿಯೂ ನೋಡಲಿಲ್ಲ, ಅವರ ಗಮನ ಸಾಂಬಾರಲ್ಲಿ ನೆಂದ ವಡೆ ಮೇಲಿತ್ತು.

ಹೋದ ವಾರ ಚಿಕ್ಕಪ್ಪನ ಮಗಳ ಮದುವೆ. ಪಂಕ್ತಿಯಲ್ಲಿ ಕೂತೆ. ಸಾರಿನ ಬಕೆಟ್ ಹತ್ತಿರ ಬರುವಾಗ ಎದೆ ಡವಡವ. ಎದ್ದು ಓಡಲಿಲ್ಲ. ಮಜ್ಜಿಗೆ ಬರುವ ಹೊತ್ತಿಗೆ ತಾನಾಗಿಯೇ ಇಳಿದಿತ್ತು.

ಆಫೀಸ್ ಮೀಟಿಂಗಲ್ಲಿ ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ. ಸೋಮವಾರ ಒಂದೇ ಒಂದು ಪ್ರಶ್ನೆ ಕೇಳಬೇಕು ಅಂತ ಬರೆದಿಟ್ಟುಕೊಂಡಿದ್ದೀನಿ.