ಹೀಲಿಯೋಸ್ 44-2: ಕಾಲೇಜು ಕ್ಯಾಮೆರಾ ಬಳಗದಲ್ಲಿ ಒಂದು ವಾದ

ರಘು: [ಫಾರ್ವರ್ಡ್ ಆಗಿ ಬಂದದ್ದು] "ಸೋವಿಯತ್ ಕಾಲದ ಲೆನ್ಸ್ ಹೀಲಿಯೋಸ್ 44-2, 58 ಎಂಎಂ ಎಫ್/2. ಎಲ್ಲಾ ಮಿರರ್‌ಲೆಸ್ ಕ್ಯಾಮೆರಾಗೂ ಕೂರುತ್ತೆ. ಲೆನ್ಸನ್ನ ಕ್ಯಾಮೆರಾಗೆ ಜೋಡಿಸೋ ಅಡಾಪ್ಟರ್‌ನಲ್ಲಿ ಗಾಜಿಲ್ಲ, ಬರೀ ಪೈಪು. ಸಿಕ್ಕಿದ್ದರಲ್ಲಿ ಅತಿ ಅಗ್ಗದ್ದು ಸಾಕು. ಹಿನ್ನೆಲೆ ಸುಳಿ ಸುತ್ತಿದ ಹಾಗೆ ಬರುತ್ತೆ, ಹೊಸ ಲೆನ್ಸ್‌ನಲ್ಲಿ ಇದು ಸಿಗೋದೇ ಇಲ್ಲ."

ರಘು: ನನ್ನ ಸೋನಿ ಫುಲ್‌ಫ್ರೇಮ್‌ಗೆ (35 ಎಂಎಂ ಫಿಲ್ಮ್ ಅಳತೆಯ ಸೆನ್ಸರ್) ಇದನ್ನೇ ತಗೊಳ್ಳೋಣ ಅಂತಿದೀನಿ. ಏನಂತೀರಾ?

ಶೈಲಜಾ: ಲೆನ್ಸ್ ತಗೋ. ಅಡಾಪ್ಟರ್ ವಿಷಯದಲ್ಲಿ ಮಾತ್ರ ಆ ಮೆಸೇಜ್ ನಂಬಬೇಡ. ಹಳೇ ಲೆನ್ಸ್ ಮೇಲೆ ಹೊರಿಸೋ ಎಷ್ಟೋ ದೂರು ಅಸಲಿಗೆ ಅಡಾಪ್ಟರ್‌ದು.

ರಘು: ಗಾಜೇ ಇಲ್ಲದ ಪೈಪು ಏನು ಕೆಡಿಸುತ್ತೆ ಮಾರಾಯ್ತಿ?

ಶೈಲಜಾ: ಮೊದಲು ಉದ್ದ ನೋಡು. ಎಂ42, ಅಂದ್ರೆ ಈ ಹೀಲಿಯೋಸ್‌ನಂಥ 42 ಮಿ.ಮೀ. ತಿರುಪಿನ ಲೆನ್ಸ್ ಕೂರೋ ಅಂಚಿನಿಂದ ಫಿಲ್ಮ್‌ಗೆ 45.46 ಮಿ.ಮೀ. ಇರಬೇಕು. ಸೋನಿಯಲ್ಲಿ ಲೆನ್ಸ್ ಕೂರೋ ಜಾಗ, ಇ ಮೌಂಟ್‌ನಿಂದ ಸೆನ್ಸರ್‌ಗೆ ಇರೋದು 18. ಉಳಿದ 27.46 ಮಿ.ಮೀ. ಅಡಾಪ್ಟರ್ ತುಂಬಬೇಕು. ಅದು 0.1 ಮಿ.ಮೀ. ಜಾಸ್ತಿ ಆಯ್ತು ಅಂದ್ಕೋ. ಫೋಕಲ್ ಲೆಂಗ್ತ್‌ನ (ಇಲ್ಲಿ 58 ಎಂಎಂ) ವರ್ಗವನ್ನ ಆ ತಪ್ಪಿನಿಂದ ಭಾಗಿಸು. 58×58÷0.1, ಹತ್ತಿರ ಹತ್ತಿರ 34 ಮೀಟರ್. ಉಂಗುರ ಕೊನೆ ಮುಟ್ಟಿದರೂ ಅದರಾಚೆಗಿನ ಬೆಟ್ಟ, ಚಂದ್ರ ಯಾವುದೂ ಫೋಕಸ್ ಆಗಲ್ಲ. ಅದೇ ಅಡಾಪ್ಟರ್‌ಗೆ 28 ಎಂಎಂ ಹಾಕಿದರೆ 8 ಮೀಟರ್‌ಗೇ ನಿಂತುಬಿಡುತ್ತೆ.

ಮಂಜುನಾಥ: ಅದಕ್ಕೇ ಅಗ್ಗದ್ದು ಮಾಡೋರು ಬೇಕಂತಲೇ ಸ್ವಲ್ಪ ಗಿಡ್ಡ ಮಾಡ್ತಾರೆ ಶೈಲು, ಇನ್ಫಿನಿಟಿ (ಬಹು ದೂರದ ಫೋಕಸ್) ತಪ್ಪಬಾರದು ಅಂತ.

ರಘು: ಹಂಗಾದ್ರೆ ನಾನು ಹೇಳಿದ್ದೇ ಸರಿ ಆಯ್ತಲ್ಲ.

ಶೈಲಜಾ: ಗಿಡ್ಡ ಆದ್ರೆ 44-2ಗೆ ದೊಡ್ಡ ನಷ್ಟ ಇಲ್ಲ, ಒಪ್ತೀನಿ. ಫೋಕಸ್ ಮಾಡುವಾಗ ಅದರ ಗಾಜೆಲ್ಲ ಒಟ್ಟಿಗೇ ಸರಿಯುತ್ತೆ. ಉಂಗುರದ ಮೇಲಿನ ದೂರದ ಗುರುತುಗಳು ತಪ್ಪಾಗುತ್ತವೆ, ಅಷ್ಟೇ. ಆದರೆ ಫೋಕಸ್ ತಿರುಗಿಸಿದಂತೆ ಗಾಜುಗಳ ನಡುವಿನ ಅಂತರವೂ ಬದಲಾಗೋ ವೈಡ್ ಲೆನ್ಸ್‌ಗಳಿವೆ. ಗಿಡ್ಡ ಅಡಾಪ್ಟರ್‌ನಲ್ಲಿ ಅವು ಹತ್ತಿರದ ಫೋಕಸ್‌ಗೆ ಮಾಡಿದ ಅಂತರ ಇಟ್ಕೊಂಡೇ ದೂರದ್ದನ್ನ ತೆಗೆಯುತ್ತವೆ. ಮೂಲೆಗಳು ಕರಗಿ ಹೋಗುತ್ತವೆ. ನಾಳೆ ನೀನು ಅದೇ ಅಡಾಪ್ಟರ್‌ಗೆ 24 ಎಂಎಂ ಹಾಕ್ತೀಯ, ಆಮೇಲೆ ಲೆನ್ಸನ್ನ ಬೈತೀಯ.

ಶೈಲಜಾ: ಇನ್ನೊಂದು ತೊಂದರೆ ವಾಲಿಕೆ. ಅಡಾಪ್ಟರ್‌ನ ಎರಡೂ ಮುಖ ಸಮಾನಾಂತರ ಇಲ್ಲದಿದ್ದರೆ ಚಿತ್ರದ ಒಂದು ಬದಿ ಯಾವಾಗಲೂ ಮೆತ್ತಗೆ, ಅಂದ್ರೆ ಮಸುಕು. ಪತ್ತೆ ಮಾಡೋದು ಸುಲಭ. ಬಹಳ ಎಂ42 ಅಡಾಪ್ಟರ್‌ಗಳ ಬದಿಯಲ್ಲಿ ಮೂರು ಸಣ್ಣ ತಿರುಪು ಇರ್ತವೆ. ಅವನ್ನ ಸಡಿಲಿಸಿದರೆ ಒಳಗಿನ ಉಂಗುರ ತಿರುಗುತ್ತೆ. ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು ಇಟ್ಟಿಗೆ ಗೋಡೆಗೆ ನೇರವಾಗಿ ಒಂದು ಫೋಟೋ ತೆಗಿ. ಉಂಗುರವನ್ನ ಅರ್ಧ ಸುತ್ತು ತಿರುಗಿಸಿ ಬಿಗಿ ಮಾಡಿ ಇನ್ನೊಂದು ತೆಗಿ. ಮೆತ್ತಗಿನ ಬದಿ ಆಚೆ ಹೋದರೆ ತಪ್ಪು ಲೆನ್ಸ್ ಅಥವಾ ಒಳ ಉಂಗುರದ್ದು. ಇದ್ದಲ್ಲೇ ಇದ್ದರೆ ಅಡಾಪ್ಟರ್ ಮೈಯದ್ದು ಅಥವಾ ಕ್ಯಾಮೆರಾದ್ದು. ಆ ತಿರುಪು ಇರೋದು ಮೂಲತಃ ಬೇರೆ ಕೆಲಸಕ್ಕೆ: ಲೆನ್ಸ್ ಪೂರ್ತಿ ಬಿಗಿದಾಗ ಫೋಕಸ್ ಗುರುತು ಮೇಲೆ ಬರದೆ ಪಕ್ಕಕ್ಕೆ ನಿಂತರೆ ಸರಿಪಡಿಸೋಕೆ.

ಅನ್ವರ್: ಒಳಗೋಡೆಯ ಬಗ್ಗೆ ಯಾರೂ ಹೇಳ್ಲಿಲ್ಲ. ಅಡಾಪ್ಟರನ್ನು ಕಿಟಕಿಗೆ ಹಿಡಿದು ಒಳಗೆ ನೋಡು ರಘು. ಗೋಡೆ ಹೊಳೆದರೆ ಬೆಳಕು ಅಲ್ಲಿ ಬಡಿದು ಸೆನ್ಸರ್‌ಗೆ ಬೀಳ್ತದೆ. ಚಿತ್ರದ ಕಪ್ಪು ಭಾಗ ಬೂದು ಬಣ್ಣ ಆಗ್ತದೆ, ಕೆಲವೊಮ್ಮೆ ನಡುವೆ ಬಿಳಿಚಿದ ಕಲೆ ಬರ್ತದೆ. ಜನ ಅದನ್ನು ಗಾಜಿನ ಮೇಲಿನ ಹಳೇ ಕೋಟಿಂಗ್‌ನ ಗುಣ ಅಂತ ಹೊಗಳ್ತಾರೆ! ಒಳಗೆ ಮ್ಯಾಟ್ ಕಪ್ಪು ಬಣ್ಣ ಬಳಿ, ಇಲ್ಲಾ ಅಂಟಿರುವ ಕಪ್ಪು ವೆಲ್ವೆಟ್ ಹಚ್ಚು. ತಿರುಪಿಗೂ ಮೌಂಟ್‌ಗೂ ಬಣ್ಣ ತಾಗಬಾರದು, ವೆಲ್ವೆಟ್‌ನ ನಾರು ಉದುರಬಾರದು. ಹೊಸ ಅಡಾಪ್ಟರ್‌ನ ತಿರುಪಿನಲ್ಲಿ ಅಲ್ಯೂಮಿನಿಯಂ ಚೂರು ಉಂಟಾ ನೋಡಿ ಬ್ರಷ್‌ನಲ್ಲಿ ತೆಗೆದೇ ಹಾಕು.

ರಘು: ಸರಿ, ಅತಿ ಅಗ್ಗದ್ದು ಬೇಡ. ಇನ್ನೊಬ್ಬರು ಅದೇ ದುಡ್ಡಿಗೆ ಹೀಲಿಯೋಸ್ 44ಎಂ-4 ಕೊಡ್ತಾರಂತೆ. ಎರಡೂ ಒಂದೇ ಅಲ್ವಾ?

ಶೈಲಜಾ: ಅಲ್ಲ. 44ಎಂ-4ರ ಹಿಂದೆ ಒಂದು ಪಿನ್ ಇದೆ. ಅದನ್ನ ಒತ್ತಿದಾಗ ಮಾತ್ರ ಅಪರ್ಚರ್ (ಬೆಳಕು ಬಿಡೋ ಕಂಡಿ) ಕಿರಿದಾಗುತ್ತೆ. ಹಳೇ 44ಎಂನಲ್ಲಿದ್ದ ಆಟೋ-ಮ್ಯಾನ್ಯುಯಲ್ ಸ್ವಿಚ್ ಇದರಲ್ಲಿಲ್ಲ. ಒಳಗೆ ಪಿನ್ ಒತ್ತೋ ಅಂಚಿರುವ ಅಡಾಪ್ಟರ್ ಬೇಕು, ಇಲ್ಲಾಂದ್ರೆ ಉಂಗುರ ಎಷ್ಟು ತಿರುಗಿಸಿದರೂ ಎಫ್/2ರಲ್ಲೇ, ಪೂರ್ತಿ ತೆರೆದೇ ಇರುತ್ತೆ. 44-2ಗೆ ಪಿನ್ ಇಲ್ಲ, ಎರಡು ಉಂಗುರ ಇವೆ. ಒಂದರಲ್ಲಿ ಎಫ್/5.6 ಅಂತ ಗೊತ್ತುಮಾಡು, ಇನ್ನೊಂದನ್ನ ತೆರೆದು ಫೋಕಸ್ ಮಾಡು, ತಡೆಯುವವರೆಗೆ ತಿರುಗಿಸಿ ಕ್ಲಿಕ್ ಮಾಡು.

ಮಂಜುನಾಥ: ಸೋನಿ ಮೆನುವಲ್ಲಿ 'ಲೆನ್ಸ್ ಇಲ್ಲದೆ ಶಟರ್' ಆನ್ ಮಾಡು. ಕೈ ಅಲುಗಾಟ ಸರಿಮಾಡೋ ಸ್ಟೆಡಿಶಾಟ್‌ಗೆ 58 ಅಂತ ಕೈಯಾರೆ ಹಾಕು. ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಇದ್ದರೂ 58, ಅದರ ಒಂದೂವರೆ ಪಟ್ಟು 87 ಅಲ್ಲ. ದೊಡ್ಡ ಸಂಖ್ಯೆ ಕೊಟ್ಟರೆ ಸೆನ್ಸರ್ ಹೆಚ್ಚೇ ಸರಿದು ಚಿತ್ರ ಅಲುಗುತ್ತೆ. ಎಫ್/2ರಲ್ಲಿ ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸೋ ಪೀಕಿಂಗ್ ನಂಬಬೇಡ, ಕಣ್ಣಿನ ರೆಪ್ಪೆವರೆಗೆ ಜೂಮ್ ಮಾಡಿ ನೋಡು.

ಶೈಲಜಾ: ಮಟಮಟ ಮಧ್ಯಾಹ್ನ ಐಎಸ್‌ಓ 100, ಎಫ್/2 ಅಂದ್ರೆ 1/6400 ಸೆಕೆಂಡ್ ಹತ್ತಿರ ಬೇಕು. ಆ ವೇಗದಲ್ಲಿ ಶಟರ್‌ನ ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ ಆಫ್ ಮಾಡು, ಇಲ್ಲಾಂದ್ರೆ ಹಿನ್ನೆಲೆಯ ಬೆಳಕಿನ ಚುಕ್ಕೆಗಳು ಅರ್ಧ ಕತ್ತರಿಸಿದ ಹಾಗೆ ಬರ್ತವೆ. 1/4000ಕ್ಕೇ ನಿಲ್ಲೋ ಕ್ಯಾಮೆರಾ ಆದ್ರೆ ಬೆಳಕು ಕಡಿಮೆ ಮಾಡೋ 49 ಎಂಎಂ ಎನ್‌ಡಿ ಫಿಲ್ಟರ್ ಬೇಕು.

ಮಂಜುನಾಥ: ಆ ಸುಳಿಯ ಮಾತಿಗೆ ನನ್ನ ತಕರಾರಿದೆ. ಅದು ಲೆನ್ಸ್‌ನ ದೋಷ. ಅಂಚಿಗೆ ಓರೆಯಾಗಿ ಬರೋ ಬೆಳಕನ್ನ ಲೆನ್ಸ್‌ನ ಬಾಯಿ ಕತ್ತರಿಸುತ್ತೆ, ದುಂಡು ಚುಕ್ಕೆಗಳು ಬೆಕ್ಕಿನ ಕಣ್ಣಾಗಿ ನಡುವಿನ ಸುತ್ತ ಸಾಲುಗಟ್ಟುತ್ತವೆ. ನನ್ನ ಫ್ಯೂಜಿಯಂಥ ಎಪಿಎಸ್-ಸಿಯಲ್ಲಿ ಆ ಅಂಚೇ ಹೊರಗೆ ಹೋಗುತ್ತೆ, ಸುಳಿಯ ಮುಕ್ಕಾಲು ಪಾಲು ಮಾಯ. ಹೊಸದರಲ್ಲಿ ಸಿಗಲ್ಲ ಅನ್ನೋದೂ ತಪ್ಪು. ಲೆನ್ಸ್‌ಬೇಬಿ ಟ್ವಿಸ್ಟ್ 60 ಮಾಡಿರೋದೇ ಇದಕ್ಕೆ.

ಶೈಲಜಾ: ದೋಷ ಅಂತ ಬಿಟ್ಟುಬಿಡಬೇಕಾ ಮಂಜು? ಎಲ್ಲಿ ಬರುತ್ತೆ ಅಂತ ಗೊತ್ತಿದ್ದರೆ ಅದೇ ಸಾಧನ. ರಘುಗೆ ಫುಲ್‌ಫ್ರೇಮ್ ಇದೆ. ಎಫ್/2, ಮುಖ ಒಂದೂವರೆ-ಎರಡು ಮೀಟರ್ ದೂರ, ಅದರ ಹಿಂದೆ ಐದಾರು ಮೀಟರ್ ಬಿಟ್ಟು ಎಲೆಗಳ ಸಂದಿಯಿಂದ ಬೆಳಕು ಬೀಳೋ ಮರ. ಎಫ್/4ಗೆ ಸುಳಿ ಬಹುಪಾಲು ಹೋಗಿ ನಡುಭಾಗ ಚೂಪಾಗುತ್ತೆ. ಒಂದೇ ಲೆನ್ಸ್‌ನಲ್ಲಿ ಎರಡು ಸ್ವಭಾವ. ಮಂಜು, ನಿನ್ನ ಫ್ಯೂಜಿಗೆ ಬೇಕಿದ್ದರೆ ಚಿತ್ರ ಕುಗ್ಗಿಸೋ ಅಡಾಪ್ಟರ್, 0.71 ಫೋಕಲ್ ರೆಡ್ಯೂಸರ್ ಹಾಕು. 58 ಎಫ್/2 ಹೋಗಿ 41 ಎಫ್/1.4 ಆಗುತ್ತೆ, ಕಳೆದ ಅಂಚು ವಾಪಸ್ ಬರುತ್ತೆ.

ಮಂಜುನಾಥ: ಅದರಲ್ಲಿ ಗಾಜಿರುತ್ತೆ, ಒಳ್ಳೇದು ದುಬಾರಿ. ಓಡಾಡೋ ಮಕ್ಕಳನ್ನ ತೆಗೆಯೋಕೆ ನಾನಂತೂ ಆಟೋಫೋಕಸ್ 50 ಎಂಎಂ ಅಂತಲೇ ಹೇಳ್ತೀನಿ.

ಶೈಲಜಾ: ಮಕ್ಕಳಿಗೆ ಸರಿ. ಕೂತ ಮುಖಕ್ಕೆ ಅಲ್ಲ.

ಅನ್ವರ್: ದುಡ್ಡು ಕೊಡುವ ಮೊದಲು ಫಂಗಸ್ ನೋಡು ಮಾರಾಯ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲ ಕಳೆದ ಲೆನ್ಸ್ ಆದ್ರೆ ಇನ್ನೂ ಜಾಗ್ರತೆ. ಅಪರ್ಚರ್ ತೆರೆದು ಹಿಂದಿನಿಂದ ಟಾರ್ಚ್ ಓರೆಯಾಗಿ ಬಿಟ್ಟ ಫೋಟೋ ಕೇಳು. ಜೇಡರ ಬಲೆಯ ಹಾಗೆ ಎಳೆ ಕಂಡರೆ ಬಿಡು. ಮೇಲ್ಮೈಯದ್ದು ಒರೆಸಿದರೆ ಹೋಗ್ತದೆ, ಆದರೆ ಅದು ಕೋಟಿಂಗ್ ತಿಂದ ಗುರುತು ಹೋಗುವುದಿಲ್ಲ. ಅಪರ್ಚರ್ ಬ್ಲೇಡ್ ಮೇಲೆ ಎಣ್ಣೆ ಇದ್ದರೆ 44-2ಗೆ ಅಷ್ಟು ಹೆದರಬೇಡ, ಅದನ್ನು ಕೈಯಲ್ಲೇ ತಿರುಗಿಸುವುದು. 44ಎಂ-4ರಂಥ ಸ್ಪ್ರಿಂಗ್ ಇರುವುದರಲ್ಲಿ ಎಣ್ಣೆ ಬ್ಲೇಡನ್ನೇ ಹಿಡಿದು ನಿಲ್ಲಿಸ್ತದೆ. ಫೋಕಸ್ ಉಂಗುರ ಗಟ್ಟಿ ಇದ್ದರೆ ಹಳೇ ಗ್ರೀಸ್ ಒಣಗಿದೆ ಅಂತ, ಬಿಚ್ಚಿ ಹೊಸದು ಹಾಕುವ ಖರ್ಚು ಸೇರಿಸಿ ಲೆಕ್ಕ ಹಾಕು.

ರಘು: ಟಾರ್ಚ್ ಫೋಟೋ ಕೇಳಿದೀನಿ. ಜೊತೆಗೆ ಬರೋ ಚರ್ಮದ ಕೇಸಲ್ಲೇ ಇಡಬಹುದಾ?

ಅನ್ವರ್: ಬೇಡವೇ ಬೇಡ, ಚರ್ಮ ತೇವ ಹಿಡೀತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ. 40-50 ಶೇಕಡಾದಲ್ಲಿ ನಿಂತರೆ ಸಾಕು. ಜೆಲ್ ಕಿತ್ತಳೆ ಬಣ್ಣದ್ದು ತಗೋ, ಹಸಿರಾದಾಗ ಬಿಸಿ ಮಾಡಿ ಒಣಗಿಸು. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಉಂಟು, ಅಡುಗೆಮನೆಯ ಪಾತ್ರೆಗೆ ತಾಗಿಸಬೇಡ.